ಕೋರಂಗೊಬ್ಬ ಅಳಿಯ

ನಮ್ಮ ಮಾವನವರು ನನಗೆ ಮಗಳನ್ನು ಕೊಟ್ಟದ್ದು ನನ್ನ ಗುಣ ನೋಡಿಯಲ್ಲ. ರೂಪ ನೋಡಿಯಂತೂ ಅಲ್ಲವೇ ಅಲ್ಲ. ಅವರ ಸೇವಾ ಸಂಘದ ಸಭೆಗೆ ವಾರವಾರವೂ ಕೋರಂ ಸಾಲದೆ ಒಬ್ಬ ಮನುಷ್ಯ ಕಡಿಮೆ ಬೀಳುವ ಹೆದರಿಕೆ ಇತ್ತು. ಆ ಖಾಲಿ ಜಾಗಕ್ಕೆ ನನ್ನನ್ನು ಆರಿಸಿಕೊಂಡರು. ಮಗಳನ್ನು ಕೊಟ್ಟದ್ದು ಆ ನೇಮಕಕ್ಕೆ ತಗಲಿದ ಮೇಲುಖರ್ಚು, ಅಷ್ಟೆ!

ನೀವು ನಂಬುವುದಿಲ್ಲ. ಹೆಣ್ಣು ನೋಡಲು ಹೋದ ದಿನ ನಡೆದದ್ದನ್ನು ಹೇಳುತ್ತೇನೆ, ಆಮೇಲೆ ನೀವೇ ತೀರ್ಮಾನಿಸಿ. ನಾನಾಗ ಶಿಕಾರಿಪುರದ ಶಾಲೆಗೆ ಹೊಸದಾಗಿ ಬಂದ ಮೇಷ್ಟರು. ಉಪ್ಪಿಟ್ಟು ಬಂತು, ಕೇಸರಿಬಾತು ಬಂತು, ಹುಡುಗಿ ಬಂದಳು, ನಮಸ್ಕಾರ ಮಾಡಿದಳು, ಒಳಗೆ ಹೋದಳು. ಇನ್ನು ಗೋತ್ರ ಕೇಳುತ್ತಾರೆ, ಸಂಬಳ ಕೇಳುತ್ತಾರೆ ಎಂದು ನಾನು ಗಂಟಲು ಸರಿಮಾಡಿಕೊಂಡು ಕೂತಿದ್ದೆ. ಹುಡುಗಿಯ ತಂದೆ ಕನ್ನಡಕದ ಮೇಲಿನಿಂದ ನನ್ನನ್ನು ಒಂದು ಗಳಿಗೆ ನೋಡಿದರು.

"ಗುರುವಾರ ಸಂಜೆ ಐದೂವರೆಗೆ ನೀವು ಏನ್ ಮಾಡ್ತಿರ್ತೀರಿ?"

"ಏನೂ ಮಾಡಲ್ಲ" ಎಂದೆ.

"ಪ್ರತಿ ಗುರುವಾರಾನೂ?"

"ಪ್ರತಿ ಗುರುವಾರಾನೂ."

ಅವರು ಒಳಮನೆಯ ಕಡೆ ತಿರುಗಿ ಕೂಗಿ ಹೇಳಿದರು: "ಲೇ, ಇವರಾಗಬಹುದು ಕಣೇ!"

ಮುಗಿಯಿತು. ಹುಡುಗಿ ನನಗೆ ಒಪ್ಪಿಗೆಯೇ ಎಂದು ಯಾರೂ ಕೇಳಲಿಲ್ಲ. ಒಪ್ಪಿಗೆಯಾಗಿದ್ದಳು, ಆ ಮಾತು ಬೇರೆ. ಪುರೋಹಿತರು ಪಂಚಾಂಗ ತಿರುವಿ, ಒಂದು ಗುರುವಾರದ ಗೋಧೂಳಿ ಲಗ್ನ ಬಲು ಪ್ರಶಸ್ತವಾಗಿದೆ ಎಂದಾಗ ಮಾವನವರು ಕೆರಳಿ ಕೇಳಿದ್ದರಂತೆ: "ಆ ಗ್ರಹಗಳಿಗೆ ವಾರದಲ್ಲಿ ಬೇರೆ ದಿನವೇ ಸಿಗಲಿಲ್ಲವೇನ್ರಿ?" ಗ್ರಹಗಳು ಹೆದರಿ ಭಾನುವಾರಕ್ಕೆ ಸರಿದವು. ಮದುವೆಯಲ್ಲಿ ಅಳಿಯನಿಗೆ ಉಡುಗೊರೆ ಏನು ಕೊಟ್ಟರು ಗೊತ್ತೇ? ಸಂಘದ ನಿಯಮಾವಳಿಯ ಪುಸ್ತಕ! ಅರಿಶಿನ ಕುಂಕುಮ ಹಚ್ಚಿ, ತಟ್ಟೆಯಲ್ಲಿಟ್ಟು ಕೊಟ್ಟರು.

ಇದು ನಯಾಪೈಸೆ ಬಂದ ಹೊಸತರ ಮಾತು. ದೇಶ ಕಟ್ಟಬೇಕು ಎಂಬ ಹುರುಪು ಊರೂರಲ್ಲೂ ಇತ್ತು. ಎಲ್ಲಿಂದ ಕಟ್ಟಲು ಶುರುಮಾಡಬೇಕು ಎಂಬುದೊಂದೇ ಸಂದೇಹ. ನಮ್ಮ ಮಾವನವರಿಗೆ ಆ ಸಂದೇಹವೂ ಇರಲಿಲ್ಲ. ಗುರುವಾರ ಸಂಜೆ ಐದೂವರೆಯಿಂದ ಶುರುಮಾಡಬೇಕು! ರೀಡಿಂಗ್ ರೂಮಿನಲ್ಲಿ ಸಭೆ. ಮೇಜಿನ ಮೇಲೆ ಕೇಂದ್ರ ಸಂಘದವರು ಕಳಿಸಿದ ಹಿತ್ತಾಳೆಯ ಗಂಟೆ. ಮಾವನವರು ಅಧ್ಯಕ್ಷರು. ಅಕ್ಕಿ ಗಿರಣಿಯ ಶೆಟ್ಟರು ಉಪಾಧ್ಯಕ್ಷರು. ಮದುವೆಯಾದ ಮೊದಲ ಗುರುವಾರವೇ ನಾನು ಕಾರ್ಯದರ್ಶಿ. ಇನ್ನೂ ನಾಲ್ಕೈದು ಜನ ಇದ್ದರು. ಅವರಲ್ಲಿ ಯಾರು ಬರುತ್ತಾರೆ, ಯಾರು ಬರುವುದಿಲ್ಲ ಎಂಬುದು ದೈವೇಚ್ಛೆ.

ಮಾವನವರ ಕಸುಬು ತಾಲ್ಲೂಕು ಕಚೇರಿಯ ಜಗಲಿಯ ಮೇಲೆ ಕೂತು ಕ್ರಯಪತ್ರ, ಅಡಮಾನಪತ್ರ, ವಿಭಾಗಪತ್ರ ಬರೆಯುವುದು. ನಲವತ್ತು ವರ್ಷ ಬರೆದೂ ಬರೆದೂ ಅವರ ಮಾತೇ ಪತ್ರವಾಗಿಬಿಟ್ಟಿತ್ತು. ಬೆಳಿಗ್ಗೆ ಲೋಟ ಕೈಗೆ ಬಂದರೆ, "ಸದರಿ ಕಾಫಿಗೆ ಸಕ್ಕರೆ ಸಂದಾಯವಾಗಿದೆಯೋ?" ಎಂದು ಕೇಳುತ್ತಿದ್ದರು. ನಮ್ಮ ಅತ್ತೆಯವರೂ ಕಡಿಮೆಯವರಲ್ಲ. "ಸಂದಾಯವಾಗಿದೆ, ತಕರಾರಿದ್ದರೆ ಕೋರ್ಟಿಗೆ ಹೋಗಿ" ಎನ್ನುತ್ತಿದ್ದರು.

ಅವರು ಬರೆದ ಕಾಗದದಲ್ಲಿ ಒಂದು ಚಿತ್ತೂ ಇರುತ್ತಿರಲಿಲ್ಲ. ಒಂದಕ್ಷರ ತಪ್ಪಿದರೆ ಇಡೀ ಹಾಳೆ ಹರಿದು ಹೊಸದಾಗಿ ಬರೆಯುವುದೇ ಹೊರತು ಹೊಡೆದು ತಿದ್ದುವುದಿಲ್ಲ. ಇನ್ನೊಂದು, ಅವರ ಗಡಿಯಾರ. ತಂದೆಯ ಕಾಲದ್ದು, ಸರಪಳಿ ಹಾಕಿ ಕೋಟಿನ ಜೇಬಿನಲ್ಲಿ ಇಡುವಂಥದ್ದು. ಪತ್ರದಲ್ಲಿ ಚಿತ್ತಿಲ್ಲ, ಗಡಿಯಾರದಲ್ಲಿ ತಪ್ಪಿಲ್ಲ. ಇವೆರಡರ ಮೇಲೆ ಅವರ ಸಂಸಾರ ನಿಂತಿತ್ತು.

ನಿಯಮಾವಳಿಯ ಮೂರನೆಯ ನಿಯಮ ಅವರಿಗೆ ಪ್ರಾಣ: "ನಿಗದಿಯಾದ ವೇಳೆಗೆ ಸರಿಯಾಗಿ ಆರಂಭವಾಗದ ಸಭೆಯು ಸಭೆಯೆನಿಸದು, ಅಂದು ಬಂದವರು ಬಂದವರೆನಿಸರು." ಇದರ ಪ್ರತಾಪವನ್ನು ಊರು ನೋಡಿದ್ದು ಅಮಲ್ದಾರರು ಮುಖ್ಯ ಅತಿಥಿಯಾಗಿ ಬಂದ ದಿನ. ಬಂದ ದಿನ ಎಂದೆನೆ? ಬಂದರು, ಆದರೆ ಐದು ಗಂಟೆ ಐವತ್ತು ನಿಮಿಷಕ್ಕೆ ಬಂದರು. ಐದೂವರೆಗೆ ಸರಿಯಾಗಿ ಮಾವನವರು ಗಂಟೆ ಬಾರಿಸಿ ಖಾಲಿ ಕುರ್ಚಿಯನ್ನು ಸ್ವಾಗತಿಸಿದರು. ಖಾಲಿ ಕುರ್ಚಿಗೆ ಹಾರ ಹಾಕಿದರು. ಭಾಷಣಕ್ಕೆಂದು ಹತ್ತು ನಿಮಿಷ ಕಾದರು. ಕುರ್ಚಿ ಏನೂ ಮಾತಾಡಲಿಲ್ಲ. ಅಮಲ್ದಾರರು ಬೆವರೊರೆಸಿಕೊಳ್ಳುತ್ತ ಬಾಗಿಲಿಗೆ ಬರುವುದಕ್ಕೂ ನಾನು ವಂದನಾರ್ಪಣೆಯಲ್ಲಿ "ಮಾನ್ಯ ಅಮಲ್ದಾರರು ತಮ್ಮ ಅಮೂಲ್ಯ ವಿಚಾರಗಳನ್ನು..." ಎನ್ನುವುದಕ್ಕೂ ಸರಿಹೋಯಿತು. ಅಧ್ಯಕ್ಷರ ಅಪ್ಪಣೆಯಾಗಿತ್ತು, ನಾನು ಓದಿ ಮುಗಿಸಿದೆ. ಅಮಲ್ದಾರರು ಒಳ್ಳೆಯ ಮನುಷ್ಯ. ಬಾಗಿಲಲ್ಲೇ ನಿಂತು ಕೈಮುಗಿದು, "ಈವತ್ತಿನ ಹಾಗೆ ನಾನು ಯಾವತ್ತೂ ಮಾತಾಡಿಲ್ಲ" ಎಂದು ಹೇಳಿ ಹೊರಟುಹೋದರು.

ಇನ್ನು ನಮ್ಮ ಸೇವೆ! ಹಿಟ್ಟಿನ ಗಿರಣಿಯ ಮುಂದೆ ರಸ್ತೆಯಲ್ಲಿ ಒಂದು ಗುಂಡಿ ಬಿದ್ದಿತ್ತು. ಶ್ರಮದಾನ ಮಾಡಿ ಮುಚ್ಚಬೇಕೆಂದು ಠರಾವಾಯಿತು. ಠರಾವು ಬರೆದವರು ಅಧ್ಯಕ್ಷರು. "ಪೂರ್ವಕ್ಕೆ ಹಿಟ್ಟಿನ ಗಿರಣಿ, ಪಶ್ಚಿಮಕ್ಕೆ ಸರ್ಕಾರಿ ಚರಂಡಿ, ಉತ್ತರಕ್ಕೆ ಮಸೀದಿ ಗಲ್ಲಿ, ದಕ್ಷಿಣಕ್ಕೆ ಸೈಕಲ್ ಶಾಪು, ಈ ಚೆಕ್ಕುಬಂದಿಯ ಮಧ್ಯೆ ಇರುವ ಗುಂಡಿಯನ್ನು, ಅದರಲ್ಲಿರುವ ಜಲ, ತರು, ಪಾಷಾಣ, ನಿಧಿ, ನಿಕ್ಷೇಪ ಹಾಗೂ ಕಪ್ಪೆಗಳ ಸಮೇತ, ಸಂಘವು ಮುಚ್ಚತಕ್ಕದ್ದು."

ಮುಚ್ಚಿದೆವು. ಆದರೆ ಮಣ್ಣು ಬೇಕಲ್ಲ? ಶೆಟ್ಟರ ಅಕ್ಕಿ ಗಿರಣಿಯ ಹಿಂದಿನ ಖಾಲಿ ಜಾಗದಿಂದ ಅಗೆದು ತಂದೆವು. ಮಾರನೆಯ ವಾರ ಅಲ್ಲಿ ಯಾರದೋ ಎಮ್ಮೆ ಬಿತ್ತು. ಶೆಟ್ಟರು ಸಭೆಯಲ್ಲಿ ಎದ್ದು ನಿಂತು, "ಹಿಂಗಾದ್ರ ಹೆಂಗ್ರೀ ಅಧ್ಯಕ್ಷರೇ, ನಮ್ಮ ಜಾಗದಾಗ ಎಮ್ಮಿ ಈಜಾಕ್ಹತ್ತೈತಿ!" ಎಂದರು. ಆ ಗುಂಡಿಯನ್ನು ಮುಚ್ಚಲು ಹೊಸ ಠರಾವು, ಹೊಸ ಚೆಕ್ಕುಬಂದಿ. ಮಣ್ಣು ನಮ್ಮ ಶಾಲೆಯ ಹಿಂಬದಿಯಿಂದ. ಮುಂದಿನ ವಾರ ಹೆಡ್‌ಮೇಷ್ಟರ ತಕರಾರು. ಹೀಗೆ ನಾಲ್ಕು ವಾರ ಆ ಗುಂಡಿ ಸಂಘದ ಬೆಂಗಾವಲಿನಲ್ಲಿ ಊರೆಲ್ಲ ಮೆರವಣಿಗೆ ಹೋಗಿ, ಕೊನೆಗೆ ನಮ್ಮ ಮಾವನವರ ಹಿತ್ತಿಲಿಗೆ ಬಂದು ನೆಲೆಸಿತು.

"ಊರ ಗುಂಡೀನೆಲ್ಲ ಮನೆಗೆ ತಂದ್ರಲ್ರೀ!" ಎಂದು ಅತ್ತೆಯವರು ಹಣೆ ಚಚ್ಚಿಕೊಂಡರು.

"ಗುಂಡಿ ಯಾರಂದ್ರು? ಮನೆಗೊಂದು ಗೊಬ್ಬರದ ಗುಂಡಿ ಇರಬೇಕು ಅಂತ ಬ್ಲಾಕ್ ಆಫೀಸಿನ ಸುತ್ತೋಲೆ ಬಂದಿಲ್ವೇ? ಹಾಕು ಸಗಣಿ!"

ಬ್ಲಾಕಿನವರು ಬಂದು ನೋಡಿ, ತಾಲ್ಲೂಕಿಗೇ ಮಾದರಿ ಎಂದು ಫೋಟೋ ಹಿಡಿದುಕೊಂಡು ಹೋದರು. ಇಂಥ ಮನುಷ್ಯನ ಮುಂದೆ ನೀವು ವಾದ ಮಾಡುತ್ತೀರಾ?

ಅರವಟ್ಟಿಗೆಯ ಕಥೆ ಇದಕ್ಕಿಂತ ದೊಡ್ಡದು. ಬೇಸಿಗೆಯಲ್ಲಿ ಬಸ್ ನಿಲ್ದಾಣದ ಹತ್ತಿರ ಚಪ್ಪರ ಹಾಕಿ ನೀರು ಮಜ್ಜಿಗೆ ಕೊಡುತ್ತಿದ್ದೆವು. ಕೇಂದ್ರಕ್ಕೆ ಕಳಿಸುವ ವರದಿಯಲ್ಲಿ "ಸೇವೆ ಪಡೆದವರು ಎಷ್ಟು ಮಂದಿ" ಎಂದು ಒಂದು ಕಲಮು ಇತ್ತು. ಒಂದು ದಿನ ಬೆಳಿಗ್ಗೆಯೇ ಅಕಾಲದ ಮಳೆ ಹೊಯ್ದು ಊರು ತಣ್ಣಗಾಯಿತು. ಹಂಡೆ ತುಂಬ ಮಜ್ಜಿಗೆ, ಕುಡಿಯುವವರಿಲ್ಲ! ಮಾವನವರು ಸೊರಬದ ಬಸ್ಸಿಗೆ ಅಡ್ಡ ನಿಂತರು.

"ಒಬ್ಬೊಬ್ರೂ ಎರಡೆರಡು ಲೋಟ ಕುಡೀದೆ ಗಾಡಿ ಬಿಡೋ ಹಾಗಿಲ್ಲ."

"ಸ್ವಾಮಿ, ಬಾಯಾರಿಕೆ ಇಲ್ಲ ಅಂತಾರಲ್ರೀ!" ಎಂದ ಕಂಡಕ್ಟರ್.

"ಈಗಿಲ್ಲ. ಶಿರಾಳಕೊಪ್ಪ ಮುಟ್ಟೋದ್ರೊಳಗೆ ಆಗುತ್ತೆ. ಮುಂಗಡವಾಗಿ ಕುಡೀಲಿ."

ಕುಡಿದರು. ಹಂಡೆ ಖಾಲಿಯಾಯಿತು, ಕಲಮು ತುಂಬಿತು. ಆದರೆ ಎರಡೆರಡು ಲೋಟ ಮಜ್ಜಿಗೆ ಕುಡಿದ ಐವತ್ತು ಜನ, ತಣ್ಣನೆಯ ಗಾಳಿ, ಕುಲುಕುವ ರಸ್ತೆ! ಆ ಬಸ್ಸು ಶಿರಾಳಕೊಪ್ಪದವರೆಗೆ ಕಂಡ ಕಂಡ ಪೊದೆಯ ಹತ್ತಿರ ನಿಂತಿತು. ಅಲ್ಲಿಂದಾಚೆಗೆ ಪೊದೆ ಇಲ್ಲದ ಕಡೆಯೂ ನಿಂತಿತು.

ಎರಡೇ ದಿನದಲ್ಲಿ ನಮ್ಮ ಸಂಘದ ಸೊರಬ ಶಾಖೆಯಿಂದ ಒಂದು ಕಾರ್ಡು ಬಂತು. "ತಮ್ಮ ಸೇವೆಯ ಫಲವಾಗಿ ಬಸ್ಸು ಇಲ್ಲಿಗೆ ಒಂದು ಗಂಟೆ ಏಳು ನಿಮಿಷ ತಡವಾಗಿ ಬಂದಿತೆಂದು ಸಂತೋಷದಿಂದ ತಿಳಿಸುತ್ತೇವೆ."

ಮಾವನವರು ಕಾರ್ಡನ್ನು ಎರಡು ಸಲ ಓದಿದರು. ಮುಖ ಕೆಂಪಾಯಿತು. ತಪ್ಪಾಯಿತೆಂದು ನಾಚಿಕೆಯೇ ಎಂದುಕೊಂಡೆ. ಅಲ್ಲ!

"ಏಳು ನಿಮಿಷ ಅಲ್ಲ, ಮೂರು ನಿಮಿಷ!" ಎಂದರು.

ಈ ಕಾರ್ಡು ಬರೆದವರು ಸೊರಬ ಶಾಖೆಯ ಅಧ್ಯಕ್ಷರು. ಪೇಟೆಯಲ್ಲಿ ಗಡಿಯಾರ ರಿಪೇರಿಯ ಅಂಗಡಿ ಇಟ್ಟುಕೊಂಡಿದ್ದ ಸಾಹೇಬರು. ಸೊರಬದ ಶಾಲೆಯ ಗಡಿಯಾರ, ಆಸ್ಪತ್ರೆಯ ಗಡಿಯಾರ ಎಲ್ಲವನ್ನೂ ಪುಕ್ಕಟೆಯಾಗಿ ನೋಡಿಕೊಳ್ಳುವುದು ಅವರ ಸೇವೆ. ಅಂಚೆ ಕಚೇರಿಗೆ ತಂತಿಯಲ್ಲಿ ಬರುವ ವೇಳೆಗೆ ತಮ್ಮ ಗಡಿಯಾರವನ್ನು ದಿನವೂ ಸರಿಮಾಡಿಕೊಳ್ಳುತ್ತಿದ್ದರು. ನಾಲ್ಕು ವರ್ಷದ ಹಿಂದೆ, ಎರಡು ಶಾಖೆಗಳೂ ಹುಟ್ಟಿದ ಹೊಸತರಲ್ಲಿ, ನಮ್ಮ ಮಾವನವರ ಗಡಿಯಾರವನ್ನು ಒಂದು ಸಲ ನೋಡಿ, "ರಾಯರೆ, ಇದು ನಾಲ್ಕು ನಿಮಿಷ ಹಿಂದೆ ಇದೆ. ಬಿಟ್ಟು ಹೋಗಿ, ಸರಿಮಾಡಿ ಕೊಡ್ತೀನಿ" ಎಂದರಂತೆ.

"ನಂದು ಸರಿಯಾಗಿದೆ ಸಾಹೇಬ್ರೇ. ನಿಮ್ಮ ಊರು ನಾಲ್ಕು ನಿಮಿಷ ಮುಂದಿದೆ."

ಅಂದಿನಿಂದ ಯುದ್ಧ. ಕಂಡಾಗಲೆಲ್ಲ ಅವರು "ಬಿಟ್ಟು ಹೋಗಿ" ಎನ್ನುವುದು, ಇವರು ಜೇಬಿನ ಮೇಲೆ ಕೈ ಮುಚ್ಚಿಕೊಳ್ಳುವುದು. ಮಿಕ್ಕಂತೆ ಇಬ್ಬರೂ ಒಂದೇ ಅಚ್ಚು. ಇವರು ಒಂದು ಗುರುವಾರವೂ ತಪ್ಪಿಸಿದವರಲ್ಲ, ಅವರು ಒಂದು ಶನಿವಾರವೂ ತಪ್ಪಿಸಿದವರಲ್ಲ. ಸೊರಬದ ಸಭೆ ಶನಿವಾರ, ಅದೇ ಐದೂವರೆಗೆ. ಸ್ವಂತ ಶಾಖೆಯಲ್ಲಿ ಐದು ವರ್ಷ ಒಂದು ಸಭೆಯನ್ನೂ ಬಿಡದೆ ಬಂದವರಿಗೆ ಕೇಂದ್ರದವರು ಬೆಳ್ಳಿಯ ಪದಕ ಕೊಡುತ್ತಿದ್ದರು. ಮಾವನವರು ಆ ಪದಕಕ್ಕೆಂದೇ ಹೊಸ ಕೋಟು ಹೊಲಿಸಿ, ಯಾವ ಜೇಬಿನ ಮೇಲೆ ಚುಚ್ಚಬೇಕೆಂದು ಗುರುತೂ ಹಾಕಿಸಿದ್ದರು. ನಾಲ್ಕು ವರ್ಷ ಒಂಬತ್ತು ತಿಂಗಳು ಕಳೆದಿತ್ತು. ಇನ್ನು ಮೂರು ತಿಂಗಳು!

ಆಗ ಬಂತು ನೋಡಿ ಗ್ರಹಚಾರ. ಒಂದು ಗುರುವಾರ ಐದೂಕಾಲಿಗೆ ಮಾವನವರು ರೀಡಿಂಗ್ ರೂಮಿಗೆ ಬಂದರು. ಒಳಗೆ ಬರಲಿಲ್ಲ. ಹೊರಗೆ ಕಿಟಕಿಯ ಪಕ್ಕದ ಕಲ್ಲುಕಟ್ಟೆಯ ಮೇಲೆ ಕೂತರು.

"ಒಳಗೆ ಬನ್ನಿ ಮಾವ, ವೇಳೆ ಆಯ್ತು" ಎಂದೆ.

"ನಾನು ಈವತ್ತು ಗೈರುಹಾಜರು" ಎಂದರು, ನನ್ನಿಂದ ಮೂರು ಅಡಿ ದೂರದಲ್ಲಿ ಕೂತು.

"ಇಲ್ಲೇ ಇದೀರಲ್ಲ!"

"ಗೋಡೆ ಎಲ್ಲಿದೆ ನೋಡಿ. ಗೋಡೆಯಿಂದಾಚೆ ಇರೋನು ಗೈರು. ಬರ್ಕೊಳ್ಳಿ. ಗೈರುಹಾಜರಿ ಚೀಟಿ ಒಂದು ಕೊಡಿ."

ಚೀಟಿ ಕೊಟ್ಟೆ. ಉಳಿದವರೆಲ್ಲ ಬಂದು ಕೋರಂ ತುಂಬಿತ್ತು, ಶೆಟ್ಟರ ಅಧ್ಯಕ್ಷತೆಯಲ್ಲಿ ಸಭೆ ನಡೆಯಿತು. ನಡೆಯಿತೆಂದರೆ, ಶೆಟ್ಟರು ಬಾಯಿ ಬಿಟ್ಟಾಗಲೆಲ್ಲ ಕಿಟಕಿಯಿಂದ "ಏಳನೇ ನಿಯಮ!" "ಅದಕ್ಕೆ ಸೂಚಕರು ಯಾರು?" "ಸದರಿ ಅಂತ ಸೇರಿಸಿ!" ಎಂದು ಅಶರೀರವಾಣಿ. ಶೆಟ್ಟರು ತಾಳುವಷ್ಟು ತಾಳಿ, "ಗೈರುಹಾಜರಾದೋರು ಮಾತಾಡಂಗಿಲ್ರೀ!" ಎಂದರು. ಮಾವನವರು ತಕ್ಷಣ ಸುಮ್ಮನಾದರು. ನಿಯಮ ಎಂದರೆ ನಿಯಮ. ಆಮೇಲೆ ಬರೀ ಕೆಮ್ಮಿದರು. ಆ ಕೆಮ್ಮಿನಲ್ಲೂ ತಿದ್ದುಪಡಿ ಇತ್ತು.

ಮುಂದಿನ ಗುರುವಾರವೂ ಹಾಗೆಯೇ. ಅದರ ಮುಂದಿನದೂ! ಪ್ರತಿ ವಾರ ಚೀಟಿ ಇಸಿದುಕೊಳ್ಳುವುದು, ಶನಿವಾರ ಮಧ್ಯಾಹ್ನ ಬಸ್ಸು ಹತ್ತಿ ಎಲ್ಲಿಗೋ ಹೋಗುವುದು. ಕೇಳಿದರೆ "ಸ್ವಂತ ಕೆಲಸ." ಊರಲ್ಲಿ ತಲೆಗೊಂದು ಮಾತು. ಶೆಟ್ಟರ ಮೇಲೆ ಮುನಿಸು ಎಂದರು ಕೆಲವರು. ಅತ್ತೆಯವರಿಗೆ ಇವರ ತಲೆಯೇ ಕೆಟ್ಟಿದೆ ಎಂಬ ಹೆದರಿಕೆ. ನನ್ನ ಹೆಂಡತಿ ಮಾತ್ರ, "ಅಪ್ಪನ ಪದಕ ಹೋಯ್ತಲ್ರೀ, ಪಾಪ, ಆ ಕೋಟು ಪೆಟ್ಟಿಗೆ ಸೇರ್ತು" ಎಂದು ಕಣ್ಣೊರೆಸಿಕೊಂಡಳು.

ಹೆಂಡತಿಯ ಕಣ್ಣೀರು ಕಾರ್ಯದರ್ಶಿಯಾದವನಿಗೆ ಆಗಿಬರುವುದಿಲ್ಲ. ನಾಲ್ಕನೆಯ ಗುರುವಾರ ಒಂದು ಸಂಗತಿ ನಡೆಯಿತು. ಶೆಟ್ಟರು ಎಲೆಯಡಿಕೆ ಹಾಕಿಕೊಳ್ಳುತ್ತ ಕೂತಿದ್ದರು. ಗಂಟೆ ಬಾರಿಸುವುದು ಮರೆತಿದ್ದರು. ಹೊರಗೆ ಗಡಿಯಾರ ಹಿಡಿದು ಕೂತ ಮಾವನವರಿಗೆ ತಡೆಯಲಾಗಲಿಲ್ಲ. ಕಿಟಕಿಯ ಸರಳಿನ ಮಧ್ಯೆ ಕೈ ತೂರಿಸಿ ತಾವೇ ಗಂಟೆ ಬಾರಿಸಿಬಿಟ್ಟರು! ನನಗೆ ಜ್ಞಾನೋದಯವಾಯಿತು. ಕೈ ಸಭೆಯೊಳಗೆ ಬಂದ ಮೇಲೆ ಮನುಷ್ಯ ಬಂದ ಹಾಗೆಯೇ ಅಲ್ಲವೆ? ಕಳೆದ ಮೂರು ವಾರ ದನಿ ಒಳಗೆ ಬಂದಿತ್ತಲ್ಲ, ಅದಕ್ಕೂ ಇದೇ ವಾದ ಹೂಡಿ ಕೇಂದ್ರಕ್ಕೆ ಬರೆಯೋಣ, ಪದಕ ಉಳಿಸೋಣ ಎಂದುಕೊಂಡು, ಹಾಜರಿ ಪುಸ್ತಕದಲ್ಲಿ ಅವರ ಹೆಸರಿನ ಮುಂದೆ ದಪ್ಪಕ್ಷರದಲ್ಲಿ "ಹಾಜರು" ಎಂದು ಬರೆದೆ. ಗೈರುಹಾಜರಿ ಚೀಟಿಯನ್ನು ನಾಳೆ ಕೊಡುತ್ತೇನೆಂದು ನೆಪ ಹೇಳಿದೆ.

ಶುಕ್ರವಾರ ಬೆಳಿಗ್ಗೆ ಚೀಟಿಗೆ ಬಂದವರು ಪುಸ್ತಕ ತೆರೆದರು. ನೋಡಿದರು. ಕನ್ನಡಕ ಒರೆಸಿಕೊಂಡು ಇನ್ನೊಮ್ಮೆ ನೋಡಿದರು.

"ಅಳಿಯಂದ್ರೇ, ಒಬ್ಬರ ಮನೆ ದೀಪ ಆರಿಸಿಬಿಟ್ರಲ್ಲ" ಎಂದರು.

ಆಗ ಹೊರಬಂತು ವಿಷಯ. ಸೊರಬದ ಸಾಹೇಬರಿಗೆ ಎರಡು ತಿಂಗಳ ಹಿಂದೆ ಲಕ್ವ ಹೊಡೆದಿತ್ತು. ಬಲಗೈ ಬಿದ್ದುಹೋಗಿತ್ತು. ಗಡಿಯಾರದವನ ಬಲಗೈ! ಸುದ್ದಿ ಹಬ್ಬಿದರೆ ಯಾರು ಗಡಿಯಾರ ಕೊಡುತ್ತಾರೆ? ಜ್ವರ ಎಂದು ಹೇಳಿ ಅಂಗಡಿಯ ಬಾಗಿಲು ಅರ್ಧ ತೆರೆದಿಟ್ಟುಕೊಂಡಿದ್ದರು. ಸೊರಬ ಶಾಖೆಯಲ್ಲಿ ವರ್ಗವಾಗಿ ಹೋದವರು ಹೋಗಿ ಉಳಿದದ್ದು ಸಾಹೇಬರೂ ಸೇರಿ ನಾಲ್ಕೇ ಜನ. ಕೋರಂಗೆ ಐವರು ಬೇಕು. ವರ್ಷದಲ್ಲಿ ಮೂರು ಸಲ ಕೋರಂ ಇಲ್ಲದೆ ಹೋದರೆ ಶಾಖೆ ರದ್ದು, ಗಂಟೆ ಕೇಂದ್ರಕ್ಕೆ ವಾಪಸು. ಎರಡು ಸಲ ಆಗಿಹೋಗಿತ್ತು.

"ಆ ಶನಿವಾರದ ಗಂಟೆ ಒಂದಕ್ಕೇ ಆ ಮನುಷ್ಯ ವಾರವೆಲ್ಲ ಕಾಯ್ತಾರೆ. ಅದೂ ಹೋದ್ರೆ ಹಾಸಿಗೆಯಿಂದ ಏಳೋದಿಲ್ಲ" ಎಂದರು ಮಾವನವರು.

ಬೇರೆ ಶಾಖೆಯವನು ಹೋಗಿ ಕೋರಂ ತುಂಬಬಹುದು. ಹನ್ನೆರಡನೆಯ ನಿಯಮ: ತನ್ನ ಶಾಖೆಯಲ್ಲಿ ಆ ವಾರ ಗೈರುಹಾಜರಾದವನು ಏಳು ದಿನದೊಳಗೆ ಇನ್ನೊಂದು ಶಾಖೆಗೆ ಹೋಗಿ ಬದಲಿ ಹಾಜರಿ ಹಾಕಬಹುದು. ಗೈರುಹಾಜರಾದವನು ಮಾತ್ರ! ತನ್ನ ಶಾಖೆಯಲ್ಲಿ ಹಾಜರಾದವನು ಅಲ್ಲಿ ಬರೀ ನೆಂಟ, ಲೆಕ್ಕಕ್ಕಿಲ್ಲ. ಅದಕ್ಕೇ ಈ ಮಹಾರಾಯರು ಗುರುವಾರ ಗುರುವಾರ ಗೋಡೆಯಾಚೆ ಕೂತು ತಮ್ಮ ಪದಕವನ್ನು ತಾವೇ ಕಳೆದುಕೊಳ್ಳುತ್ತಿದ್ದದ್ದು.

ನನಗೆ ನೆಲ ಬಾಯಿಬಿಡಬಾರದೆ ಎನ್ನಿಸಿತು. "ಒಂದು ಗೀಟು ಹೊಡೆದು 'ಗೈರು' ಅಂತ ಬರೀತೀನಿ ಮಾವ. ಯಾರಿಗೆ ಗೊತ್ತಾಗುತ್ತೆ?"

"ನನಗೆ ಗೊತ್ತಾಗಲ್ವೇ?" ಎಂದರು. "ನಲವತ್ತು ವರ್ಷದಲ್ಲಿ ಒಂದು ಚಿತ್ತೂ ಮಾಡಿಲ್ಲ. ಸಾಹೇಬ್ರೂ ಒಪ್ಪೋದಿಲ್ಲ. ನಾಳೆ ನೀವೂ ಬನ್ನಿ, ಪುಸ್ತಕ ತನ್ನಿ. ಇದ್ದದ್ದು ಇದ್ದ ಹಾಗೆ ಹೇಳೋಣ."

ಶನಿವಾರ ಹೋದೆವು. ಸಾಹೇಬರ ಅಂಗಡಿಯ ಗೋಡೆಯ ಮೇಲೆ ಹತ್ತಾರು ಗಡಿಯಾರ, ಕೀಲಿ ಕೊಡುವವರಿಲ್ಲದೆ ಒಂದೊಂದು ಒಂದೊಂದು ವೇಳೆಗೆ ನಿಂತಿದ್ದವು. ಹಿಂದಿನ ಕೋಣೆಯಲ್ಲಿ ಮಂಚ. ಮಂಚದ ಪಕ್ಕದ ಸ್ಟೂಲಿನ ಮೇಲೆ ಹಿತ್ತಾಳೆಯ ಗಂಟೆ, ಫಳಫಳ ಹೊಳೆಯುವ ಹಾಗೆ ಹುಣಿಸೆಹಣ್ಣು ಹಾಕಿ ತಿಕ್ಕಿದ್ದರು. ನಿವೃತ್ತರಾದ ಪೋಸ್ಟ್‌ಮಾಸ್ಟರು, ಗಂಧದ ಕೆತ್ತನೆಯ ಗುಡಿಗಾರರು, ಒಬ್ಬ ಫಾರೆಸ್ಟ್ ಗಾರ್ಡು, ಇಷ್ಟು ಜನ ಸುತ್ತ ಕೂತಿದ್ದರು. ದಿಂಬಿಗೆ ಒರಗಿದ್ದ ಸಾಹೇಬರು ಕೋಟು ತೊಟ್ಟು ಟೋಪಿ ಹಾಕಿಕೊಂಡಿದ್ದರು. ಸಭೆ ಎಂದರೆ ಸಭೆ. ಬಲಗೈ ಹೊದಿಕೆಯ ಮೇಲೆ ಬೇರೆ ಯಾರದೋ ಕೈಯ ಹಾಗೆ ಬಿದ್ದಿತ್ತು.

"ಸಾಹೇಬ್ರೇ, ಈ ವಾರ ನಾನು ಲೆಕ್ಕಕ್ಕಿಲ್ಲ. ನಮ್ಮ ಅಳಿಯಂದ್ರು ನನ್ನನ್ನ ಹಾಜರು ಮಾಡಿಬಿಟ್ಟಿದ್ದಾರೆ" ಎಂದು ಮಾವನವರು ಪುಸ್ತಕ ತೆರೆದಿಟ್ಟರು.

ಸಾಹೇಬರು ಕಣ್ಣು ಮುಚ್ಚಿಕೊಂಡರು. ಎಡಗೈ ಗಂಟೆಯನ್ನು ಒಮ್ಮೆ ಸವರಿತು.

"ಎಂತ ಮಾರಾಯ್ರೆ, ಒಂದು ಗೀಟು ಹೊಡದ್ರೆ ಆಗ್ತದಪ್ಪ!" ಎಂದರು ಗುಡಿಗಾರರು.

"ಹೊಡಿಯೋ ಹಂಗಿಲ್ಲ" ಎಂದು ಸಾಹೇಬರೂ ಮಾವನವರೂ ಒಟ್ಟಿಗೆ ಹೇಳಿದರು. ಆ ಇಬ್ಬರೂ ಒಂದು ವಿಷಯದಲ್ಲಿ ಒಮ್ಮತಕ್ಕೆ ಬಂದದ್ದನ್ನು ನಾನು ಕಂಡದ್ದು ಅದೇ ಮೊದಲು.

ದಿಂಬಿನ ಪಕ್ಕ ನಡೆಯುತ್ತಿದ್ದ ಸಾಹೇಬರ ಸ್ವಂತ ಗಡಿಯಾರದಲ್ಲಿ ಐದೂವರೆಗೆ ಇನ್ನು ಏಳು ನಿಮಿಷವಿತ್ತು. ಸಾಹೇಬರು ಕಣ್ಣು ತೆರೆದು, ಒಂದೊಂದೇ ಮಾತನ್ನು ಎತ್ತಿಡುವಂತೆ ಕೇಳಿದರು.

"ರಾಯರೆ... ಗುರುವಾರ ಸಭೆ... ಎಷ್ಟು ಗಂಟೆಗೆ ಶುರುವಾಯ್ತು?"

"ಐದೂವರೆಗೆ ಸರಿಯಾಗಿ. ನಾನೇ ಬಾರಿಸಿದೆ."

"ಯಾರ ಗಡಿಯಾರ?"

"ನಂದು."

ಸಾಹೇಬರ ಮುಖದ ಅರ್ಧಭಾಗ ನಕ್ಕಿತು. ಇನ್ನರ್ಧಕ್ಕೆ ನಗಲು ಆಗುತ್ತಿರಲಿಲ್ಲ. "ಹಂಗಾರೆ... ಮೂರನೇ ನಿಯಮ ಹೇಳಿ ನೋಡೋಣ."

ನಿಯಮ ಕೇಳಿದರೆ ಮಾವನವರು ಹೇಳದೆ ಇರುವುದುಂಟೆ? "ನಿಗದಿಯಾದ ವೇಳೆಗೆ ಸರಿಯಾಗಿ ಆರಂಭವಾಗದ ಸಭೆಯು ಸಭೆಯೆನಿಸದು, ಅಂದು ಬಂದವರು..." ಎಂದು ಅಲ್ಲಿಗೆ ನಿಲ್ಲಿಸಿದರು. ಹೊಳೆಯಿತು.

ನನಗೂ ಹೊಳೆಯಿತು. ಗಡಿಯಾರ ನಾಲ್ಕು ನಿಮಿಷ ಹಿಂದಿದ್ದರೆ ಗುರುವಾರದ ಸಭೆ ನಾಲ್ಕು ನಿಮಿಷ ತಡ. ತಡವಾದರೆ ಅದು ಸಭೆಯೇ ಅಲ್ಲ. ಸಭೆಯೇ ಅಲ್ಲದಿದ್ದರೆ ಪುಸ್ತಕದಲ್ಲಿ ಏನು ಬರೆದಿದ್ದರೇನು, ಬಂದವರೆಲ್ಲ ಗೈರುಹಾಜರು! ಚಿತ್ತು ಬೇಡ, ಸುಳ್ಳು ಬೇಡ. ಒಬ್ಬ ಮನುಷ್ಯ ತನ್ನ ಗಡಿಯಾರ ಹಿಂದಿದೆ ಎಂದು ಬಾಯಿಬಿಟ್ಟು ಒಪ್ಪಿದರೆ ಸಾಕು. ಯಾವ ಮನುಷ್ಯ? ಹಿತ್ತಿಲಿನ ಗುಂಡಿಯನ್ನೂ ತಪ್ಪೆಂದು ಒಪ್ಪದ ಮನುಷ್ಯ!

ಮಾವನವರು ಎದ್ದು ನಿಂತರು. ಜೇಬಿನಿಂದ ಗಡಿಯಾರ ತೆಗೆದು ಅಂಗೈ ಮೇಲಿಟ್ಟು ನೋಡಿದರು. ತಂದೆಯ ಗಡಿಯಾರ. ಗಂಟಲು ಸರಿಮಾಡಿಕೊಂಡು, ಪತ್ರ ಓದಿ ಹೇಳುವ ದನಿಯಲ್ಲಿ ಹೇಳಿದರು:

"ಸದರಿ ಗಡಿಯಾರವು ನಾಲ್ಕು ನಿಮಿಷ ಹಿಂದೆ ನಡೆಯುತ್ತಿರುವುದು ನಿಜ. ಇದನ್ನು ಯಾರ ಬಲಾತ್ಕಾರವೂ ಇಲ್ಲದೆ, ಸ್ವಸಂತೋಷದಿಂದ ಒಪ್ಪಿರುತ್ತೇನೆ."

"ಹಂಗಾರೆ ಅಳಿಯಂದ್ರೂ ಗೈರು!" ಎಂದರು ಸಾಹೇಬರು. "ನಾವು ನಾಲ್ಕು, ನೀವಿಬ್ಬರು... ಆರು ಜನ! ಕೋರಂಗಿಂತ ಒಬ್ಬರು ಹೆಚ್ಚು!"

ಪೋಸ್ಟ್‌ಮಾಸ್ಟರು ಬೆರಳು ಮಡಿಚಿ ಲೆಕ್ಕ ಹಾಕುತ್ತ, "ಹಾಗಾದ್ರೆ ಶಿಕಾರಿಪುರದಲ್ಲಿ ಇಷ್ಟು ವರ್ಷ ನಡೆದ ಸಭೆಗಳೆಲ್ಲ..." ಎಂದು ಶುರುಮಾಡಿದರು.

"ಅದು ನಮ್ಮ ಶಾಖೆಯ ವಿಷಯ ಅಲ್ಲ" ಎಂದು ಸಾಹೇಬರು ಅವರ ಬಾಯಿ ಮುಚ್ಚಿಸಿ, ಐದೂವರೆಗೆ ಸರಿಯಾಗಿ ಎಡಗೈಯಲ್ಲಿ ಗಂಟೆ ಬಾರಿಸಿದರು.

ಸಭೆ ಮುಗಿದು ಚಹಾ ಕುಡಿದು ಹೊರಟಾಗ ಮಾವನವರು ಗಡಿಯಾರವನ್ನು ಸರಪಳಿಯಿಂದ ಬಿಡಿಸಿದರು. ಸಾಹೇಬರ ಆ ಬಿದ್ದ ಬಲಗೈಯ ಪಕ್ಕದಲ್ಲಿ ಇಟ್ಟರು.

"ಬಿಟ್ಟು ಹೋಗ್ತೀನಿ. ಸರಿಮಾಡಿ ಕೊಡಿ."

ಸಾಹೇಬರು ಕೈಯನ್ನೂ ಗಡಿಯಾರವನ್ನೂ ನೋಡಿದರು. "ಈ ಕೈಯಲ್ಲಿ ಮಾಡೋದಾ, ರಾಯರೆ?"

"ನನಗೇನೂ ಅವಸರ ಇಲ್ಲ" ಎಂದರು ಮಾವನವರು.

ಅವಸರವೇ ಇಲ್ಲದವರು ಮುಂದೆ ಏಳು ತಿಂಗಳು ಗುರುವಾರ ಗುರುವಾರ ಕಿಟಕಿಯಾಚೆ ಕೂತು, ದಾರಿಯಲ್ಲಿ ಹೋಗುವವರನ್ನೆಲ್ಲ ನಿಲ್ಲಿಸಿ ವೇಳೆ ಕೇಳುತ್ತಿದ್ದರು. ಪದಕ ಬರಲಿಲ್ಲ. ಸೊರಬಕ್ಕೆ ವರ್ಗವಾಗಿ ಬಂದ ಡಾಕ್ಟರೊಬ್ಬರು ಸಂಘ ಸೇರಿದ ಮೇಲೆ ಮಾವನವರು ಗೋಡೆಯ ಈಚೆಗೆ ಬಂದರು. ಅದೇ ವಾರ ಬಸ್ಸಿನ ಕಂಡಕ್ಟರ್ ಕೈಯಲ್ಲಿ ಒಂದು ಸಣ್ಣ ಗಂಟು ಬಂತು. ಗಡಿಯಾರ! ಎಡಗೈಯಲ್ಲಿ ಬಿಚ್ಚಿ, ಬಲಗೈಯ ಎರಡು ಬೆರಳು ಸ್ವಲ್ಪ ಸ್ವಲ್ಪ ಅಲ್ಲಾಡಲು ಕಲಿತ ಮೇಲೆ ಅದೇ ಬೆರಳಲ್ಲಿ ಜೋಡಿಸಿ ಕಳಿಸಿದ್ದರು. ಜೊತೆಗೆ ಒಂದು ಚೀಟಿ. ಅಕ್ಷರಗಳು ಒಂದು ಮೇಲೆ, ಒಂದು ಕೆಳಗೆ. "ಈಗ ಸರಿಯಾಗಿದೆ, ರಾಯರೆ."

ನಾನು ಮೆಲ್ಲನೆ ಶೆಟ್ಟರ ಕೈಗಡಿಯಾರಕ್ಕೆ ಹೋಲಿಸಿ ನೋಡಿದೆ. ಹನ್ನೊಂದು ನಿಮಿಷ ಹಿಂದಿತ್ತು.

ಮಾವನವರೂ ನೋಡಿದರು. ಗಡಿಯಾರವನ್ನು ಸರಪಳಿಗೆ ಸಿಕ್ಕಿಸಿ ಜೇಬಿಗೆ ಇಳಿಬಿಟ್ಟು, ನಮ್ಮೆಲ್ಲರ ಮುಖವನ್ನೂ ಒಬ್ಬೊಬ್ಬರದಾಗಿ ನೋಡುತ್ತ, "ಈಗ ಸರಿಯಾಗಿದೆ" ಎಂದರು. ಅವರ ಬಾಯಿಂದ ನಾನು ಕೇಳಿದ ಸುಳ್ಳು ಅದೊಂದೇ.

ಆಮೇಲೆ ಅವರು ಇರುವವರೆಗೂ ನಮ್ಮ ಸಭೆ ಆ ಗಡಿಯಾರಕ್ಕೇ ಶುರುವಾಗುತ್ತಿತ್ತು. ಮೂರನೆಯ ನಿಯಮದ ಪ್ರಕಾರ ನೋಡಿದರೆ ಅಷ್ಟು ವರ್ಷದಲ್ಲಿ ನಾವು ಒಂದು ಸಭೆಯನ್ನೂ ನಡೆಸಲಿಲ್ಲ. ಯಾರೂ ಯಾವ ಗುರುವಾರವೂ ಬರಲಿಲ್ಲ. ಆದರೂ ಐದೂವರೆಗೆ ಎಲ್ಲರೂ ಬಂದು ಕೂತಿರುತ್ತಿದ್ದೆವು. ಶೆಟ್ಟರು ತಮ್ಮ ಕೈಗಡಿಯಾರವನ್ನು ಅಂಗಿಯ ತೋಳಿನೊಳಕ್ಕೆ ಸರಿಸಿಕೊಳ್ಳುತ್ತಿದ್ದರು. ಮಾವನವರು ಗಂಟೆಯ ಮೇಲೆ ಕೈಯಿಟ್ಟು, ಜೇಬಿನ ಗಡಿಯಾರ ನೋಡುತ್ತ ಕಾಯುತ್ತಿದ್ದರು. ಹನ್ನೊಂದು ನಿಮಿಷ ಯಾರೂ ಮಾತಾಡುತ್ತಿರಲಿಲ್ಲ.